ತಾನೇ ಬರಿದಾಗುವ ಹಗೇವು

ಹಗೇವಿನ ಬಾಯಿ ತೆಗೆದಾಗ ಮೊದಲು ಹೊರಗೆ ಬರುವುದು ಜೋಳವಲ್ಲ, ಮುಖಕ್ಕೆ ಹೊಡೆಯುವ ಬಿಸಿ ಉಸಿರು. ನೆಲದೊಳಗೆ ತೋಡಿ ಕಾಳು ತುಂಬುವ ಈ ಕಣಜವನ್ನು ನೀವು ನೋಡಿರದಿದ್ದರೆ ಚಿಂತೆಯಿಲ್ಲ; ವಿಜಾಪುರದ ಕಾಲೇಜಿನಲ್ಲಿ ಭೌತಶಾಸ್ತ್ರದ ಪಾಠ ಹೇಳುತ್ತಿದ್ದ ನಾನು ನೋಡಿಯೇ ಕೆಟ್ಟೆ.

ಎಪ್ಪತ್ತರ ದಶಕದ ನಡುವೆ ವಿಜ್ಞಾನಲೋಕದಲ್ಲೊಂದು ಸುದ್ದಿ ಹಬ್ಬಿತ್ತು. ಸೃಷ್ಟಿಯ ಆದಿಯಲ್ಲಿ ಹುಟ್ಟಿದ ಅತಿಸೂಕ್ಷ್ಮ ಕೃಷ್ಣವಿವರಗಳು, ಅಂದರೆ ಬೆಳಕನ್ನೂ ನುಂಗಿಬಿಡುವ ಕಗ್ಗತ್ತಲ ಕುಳಿಗಳು, ತಾವೇ ಬಿಸಿಯಾಗಿ ಆವಿಯಾಗಿ ಮುಗಿದುಹೋಗುತ್ತವಂತೆ. ಹೋಗುವಾಗ ಕಣ್ಣಿಗೆ ಬೀಳದ ಹಗುರ ಕಣಗಳನ್ನು ಕಾರಬಹುದು, ಆಕಾಶದಲ್ಲಿ ಲೆಕ್ಕಕ್ಕೆ ಸಿಗದ ದ್ರವ್ಯ ಅದೇ ಇರಬಹುದು ಎಂಬ ಹುಚ್ಚು ಎಣಿಕೆ ನನ್ನದು. ಅವನ್ನು ಹುಡುಕುವ ಸಂಶೋಧನೆಗೆ ರಜೆ ಬೇಡಿ, ಕಾಲೇಜು ನಡೆಸುವ ಸಂಸ್ಥೆಯ ಚೇರ್ಮನ್ನರ ಮುಂದೆ ಕೈಕಟ್ಟಿ ನಿಂತೆ. ಅದೊಂದೇ ನನ್ನ ಜೀವದ ಆಸೆಯಾಗಿತ್ತು. “ಮೊದಲ ನಮ್ಮ ತಿಕೋಟಾದಾಗ ಒಂದ ಭಾಷಣ ಮಾಡ್ರಿ, ಆಮ್ಯಾಲ ನೋಡೂಣು” ಎಂದರು.

‘ಕೃಷ್ಣವಿವರ’ ಎಂದು ಡಂಗುರ ಸಾರಿದ್ದರಿಂದ ಶ್ರೀಕೃಷ್ಣನ ವಿವರ ಕೇಳಲು ಭಜನೆಯವರು ತಾಳ ಹಿಡಿದು ಬಂದು ಕೂತಿದ್ದರು! ಗತಿಯಿಲ್ಲದೆ ಹಗೇವಿನ ಉದಾಹರಣೆಗೆ ಇಳಿದೆ: ಯಾರೂ ಬಾಯಿ ತೆಗೆಯದೆಯೇ, ಒಳಗಿನದೆಲ್ಲ ಉಸಿರಾಗಿ ಹೋಗಿ ಬರಿದಾಗುವ ಹಗೇವೊಂದನ್ನು ಊಹಿಸಿಕೊಳ್ಳಿ ಎಂದೆ. ಜನ ತಲೆದೂಗಿದರು. ಚೇರ್ಮನ್ನರು ಎಲ್ಲರಿಗಿಂತ ಹೆಚ್ಚು ತೂಗಿದರು.

ಕೆಲವು ದಿನಗಳಲ್ಲಿ ತಿಕೋಟಾದಲ್ಲಿದ್ದ ನಮ್ಮ ಸಂಸ್ಥೆಯ ಬೋರ್ಡಿಂಗಿನ ಹಗೇವು ತೆಗೆದರೆ, ಹೊನವಾಡ, ಬಬಲೇಶ್ವರದ ರೈತರು ಬಡ ಹುಡುಗರ ಊಟಕ್ಕೆಂದು ಕೊಟ್ಟ ಜೋಳ ತಳದಲ್ಲಿ ಒಂದು ಮುಷ್ಟಿಯೂ ಇಲ್ಲ. ಉಸ್ತುವಾರಿ ಚೇರ್ಮನ್ನರದೇ. ಗದ್ದಲವೆದ್ದಾಗ ಅವರು ನನ್ನನ್ನು ಕರೆಸಿ, “ರಜಾ ಮಂಜೂರ ಆದಂಗ ತಿಳೀರಿ” ಎಂದು ಕಿವಿಯಲ್ಲಿ ಹೇಳಿ, ಊರವರ ಮುಂದೆ ನಿಲ್ಲಿಸಿದರು.

“ಮಾಸ್ತರ ಅವತ್ತ ಹೇಳ್ಲಿಲ್ಲೇನ್ರಪಾ? ತಾನ ಉಸರಾಗಿ ಹೋಗ್ತೈತಿ. ಸಾಯನ್ಸ ಐತಿ ಅದು! ಹೇಳ್ರಿ ಮಾಸ್ತರ.”

ನನ್ನ ಮೈಯೆಲ್ಲ ಉರಿದುಹೋಯಿತು. “ಅದು ಆಕಾಶದ ಮಾತು ರೀ. ಜ್ವಾಳಕ್ಕ ಹಂಗ ಆಗಂಗಿಲ್ಲ. ಇದನ್ನ ಯಾರೋ ಒಯ್ದಾರ” ಎಂದುಬಿಟ್ಟೆ.

ಚೇರ್ಮನ್ನರು ಸಿಟ್ಟಾಗಲಿಲ್ಲ; ಆಗಿದ್ದರೆ ಚೆನ್ನಿತ್ತು. ಆಮೇಲೆ ನನ್ನನ್ನು ಜೀಪಿನ ಮಗ್ಗುಲಿಗೆ ಕರೆದು, ಹೆಗಲ ಮೇಲೆ ಕೈಯಿಟ್ಟು, “ಕಾಣದ್ದನ್ನ ಹುಡುಕಾವ್ರು ನೀವು. ಕಾಣೂ ಜ್ವಾಳದ ಉಸಾಬರಿ ನಿಮಗ್ಯಾಕ್ರಿ?” ಎಂದರು.

ರಜೆ ಬರಲಿಲ್ಲ. ಮರುವರ್ಷವೂ ಅವರೇ ಚೇರ್ಮನ್ನರಾದರು. ಆ ಹಗುರ ಕಣಗಳು ಇವೆಯೋ ಇಲ್ಲವೋ ನನಗೆ ತಿಳಿಯಲೇ ಇಲ್ಲ. ಜೋಳ ಯಾರ ಮನೆ ಸೇರಿತೆಂಬುದು ತಿಕೋಟಾದಲ್ಲಿ ಎಲ್ಲರಿಗೂ ತಿಳಿದಿತ್ತು; ಅದನ್ನು ಹುಡುಕಲು ಮಾತ್ರ ಯಾರೂ ಹೋಗಲಿಲ್ಲ.