ಹೆಸರಿಲ್ಲದ ತುಂಡು

ಆ ಔಷಧದಂಗಡಿಯಲ್ಲಿ ಅವಳನ್ನು ಎಲ್ಲರೂ ‘ಎಷ್ಟ್ ತಿಂಗಳಕ್ಕ’ ಎನ್ನುತ್ತಾರೆ. ನೋವಿನ ಮಾತ್ರೆ ಕೇಳಿ ಯಾರೇ ಬರಲಿ, ಕೈ ಕಪಾಟಿಗೆ ಹೋಗುವ ಮೊದಲು ಬಾಯಿ ಕೇಳುತ್ತದೆ: “ಯಾರಿಗೆ? ಬಸುರಿಗಾ? ಎಷ್ಟು ತಿಂಗಳು?”

“ಅರವತ್ತೆಂಟು ವರ್ಷ ಕಣೇ ನಂಗೆ,” ಎಂದಳು ಮೊನ್ನೆ, ಮೊಣಕಾಲು ಹಿಡಿದುಕೊಂಡು ಬಂದ ಟೈಲರ್ ಅಜ್ಜಿ. “ಈಗ ಬಸುರಿಯಾದ್ರೆ ಪೇಪರಲ್ಲಿ ಫೋಟೋ ಬರತ್ತೆ.”

“ಬರ್ಲಿ ಬಿಡಜ್ಜಿ, ಗೋಡೆಗೆ ಅಂಟಿಸ್ಕೋತೀನಿ.”

ಎಲ್ಲರೂ ನಕ್ಕರು. ಅವಳೂ ನಕ್ಕಳು. ಆದರೆ ಉತ್ತರ ಸಿಗುವವರೆಗೆ ಮಾತ್ರೆಯನ್ನು ಕೈಯಿಂದ ಬಿಡಲಿಲ್ಲ.

ಒಂಬತ್ತು ವರ್ಷದ ಹಿಂದೆ ಅವಳು ಕೇಳಿರಲಿಲ್ಲ. ಆಗ ಕೌಂಟರಿನ ಮೂಲೆಯಲ್ಲಿ ದಾರಕ್ಕೆ ಕಟ್ಟಿದ ಕತ್ತರಿ ನೇತಾಡುತ್ತಿತ್ತು. ಎರಡು ಬೇಕೆಂದವರಿಗೆ ಎರಡು, ನಾಲ್ಕೆಂದವರಿಗೆ ನಾಲ್ಕು. ಸ್ಟ್ರಿಪ್ಪನ್ನು ಕಚಕ್ಕನೆ ಕತ್ತರಿಸಿ, ಪುಟ್ಟ ಲಕೋಟೆಗೆ ಹಾಕಿ ಕೊಡುವುದೇ ರೂಢಿ. ಮಾತ್ರೆಯ ಹೆಸರು, ಎಚ್ಚರಿಕೆಯ ಸಾಲು ಅಂಗಡಿಯ ತುಂಡಿನಲ್ಲೇ ಉಳಿಯುತ್ತಿದ್ದವು. ಒಂದು ದಿನ ಗೋಡೆಗೆ ಬಣ್ಣ ಬಳಿಯುವವನೊಬ್ಬ, ಉಗುರುಗಳ ತುಂಬ ನೀಲಿ ಮೆತ್ತಿಕೊಂಡು ಬಂದು, “ಸೊಂಟ ನೋವಿಗೆ ಆರು ಕೊಡಿ” ಎಂದ. ದಿನವಿಡೀ ಏಣಿಯ ಮೇಲೆ ನಿಲ್ಲುವವನು, ಅವನದೇ ಸೊಂಟವೆಂದುಕೊಂಡಳು. ಕತ್ತರಿಸಿ ಕೊಟ್ಟಳು.

ವಾರ ಬಿಟ್ಟು ಖಾಲಿ ತುಂಡು ಹಿಡಿದು ಬಂದ. “ಇದನ್ನೇ ಕೊಡಿ ಅಕ್ಕ. ನನ್ ಹೆಂಡ್ತಿಗೆ ಚೆನ್ನಾಗ್ ಹಿಡೀತು. ಏಳು ತುಂಬಿದೆ ಅಲ್ವಾ, ಕೂರಕ್ಕಾಗಲ್ಲ, ನಿಲ್ಲಕ್ಕಾಗಲ್ಲ.”

ಅದು ಐಬುಪ್ರೊಫೇನ್. ಬಸಿರಿಗೆ ಐದು ತಿಂಗಳು ದಾಟಿದ ಮೇಲೆ ಅದು ಹೊಟ್ಟೆಯೊಳಗಿನ ಮಗುವಿನ ಮೂತ್ರಪಿಂಡಕ್ಕೆ ತೊಂದರೆ ಮಾಡಿ, ಸುತ್ತಲಿನ ನೀರನ್ನು ತಗ್ಗಿಸಬಹುದು. ಏಳರ ಹೊತ್ತಿಗೆ ಹೃದಯದ ಬಳಿಯ ರಕ್ತನಾಳಕ್ಕೂ ಕೆಡುಕು. ಇದು ಅವಳಿಗೆ ಗೊತ್ತಿತ್ತು. ಗೊತ್ತಿರುವುದೇ ಅವಳ ಕೆಲಸ.

“ಇನ್ನು ಕೊಡ್ಬೇಡಿ. ಇವತ್ತೇ ಡಾಕ್ಟ್ರಿಗೆ ತೋರ್ಸಿ, ಏನ್ ತಗೊಂಡ್ರು ಅಂತ ಹೇಳಿ, ಸ್ಕ್ಯಾನ್ ಮಾಡ್ಸಿ,” ಎಂದು ಮಾತ್ರೆಯ ಹೆಸರು ಬರೆದುಕೊಟ್ಟಳು. ಖಾಲಿ ತುಂಡನ್ನು ಅಲ್ಲೇ ಬಿಟ್ಟು ಅವನು ಓಡಿದ. ಮತ್ತೆ ಬರಲಿಲ್ಲ.

ಅಂದೇ ಅವಳು ಕತ್ತರಿಯನ್ನು ಬಿಚ್ಚಿಟ್ಟಳು. ಬಸುರಿಗೆ ಎಂದರೆ ಪ್ಯಾರಸಿಟಮಾಲಿಗೂ “ಡಾಕ್ಟ್ರನ್ನ ಕೇಳಿ, ಬೇಕಾದಷ್ಟೇ ತಗೊಳ್ಳಿ” ಎನ್ನುತ್ತಾಳೆ. ಆರು ಗುಳ್ಳೆ ಒಡೆದ ಆ ತುಂಡು ಇಂದಿಗೂ ಡ್ರಾಯರಿನಲ್ಲಿದೆ. ಕಾಣದ ಆ ಮಗು ಅವಳೊಳಗೇ ಬೆಳೆಯಿತು. ಈಗ ಅಂಬೆಗಾಲಿಡುತ್ತಿರಬೇಕು, ಈಗ ಹಾಲುಹಲ್ಲು ಬೀಳುತ್ತಿರಬೇಕು, ಈಗ ನಾಲ್ಕನೇ ಕ್ಲಾಸು. ಬೀದಿಯಲ್ಲಿ ಅಷ್ಟೆತ್ತರದ ಮಕ್ಕಳು ಕಂಡರೆ ಅವರ ಉಗುರು ನೋಡುತ್ತಾಳೆ, ಅಪ್ಪನ ನೀಲಿ ಅಲ್ಲಿಗೂ ಇಳಿದಿರಬಹುದೆಂಬಂತೆ.

ಕಳೆದ ವಾರ ಮಧ್ಯಾಹ್ನ ಅವನು ಬಂದ. ತಲೆ ಬೋಳಾಗಿತ್ತು, ಉಗುರಿನಲ್ಲಿ ಈ ಸಲ ಹಸಿರು.

“ಜ್ವರದ ಸಿರಪ್ ಕೊಡಿ ಅಕ್ಕ, ಮಗಳಿಗೆ.”

“ಎಷ್ಟು...” ನಾಲಿಗೆ ತಡವರಿಸಿತು. “ಎಷ್ಟು ವರ್ಷ?”

“ಆರು.”

ಒಂಬತ್ತಾಗಬೇಕಿತ್ತು. “ದೊಡ್ಡದು ಚೆನ್ನಾಗಿದೆಯಾ?”

ಅವನು ಕೌಂಟರಿನ ಗಾಜನ್ನು ನೋಡಿದ. “ಇವಳೊಬ್ಬಳೇ ಅಕ್ಕ. ಮೊದಲನೇದು ಉಳೀಲಿಲ್ಲ. ನೀವು ಬರ್ಕೊಟ್ಟ ಚೀಟಿ ತೋರಿಸಿದ್ವಿ. ಅದ್ರಿಂದಾನೇ ಅಂತ ಹೇಳಕ್ಕಾಗಲ್ಲ, ಅಲ್ಲ ಅಂತಾನೂ ಹೇಳಕ್ಕಾಗಲ್ಲ ಅಂದ್ರು ಡಾಕ್ಟ್ರು.”

“ಯಾರಿಗೆ ಅಂತ ಕೇಳ್ಬೇಕಿತ್ತು ನಾನು.”

“ನಾನೂ ಹೇಳ್ಬೇಕಿತ್ತು.”

ಸಿರಪ್ಪಿನ ಡಬ್ಬಿಯನ್ನು ತಿರುಗಿಸಿ, ಮೇಲಿನ ಒಂದೊಂದಕ್ಷರವನ್ನೂ ತುಟಿಯಲ್ಲೇ ಓದುತ್ತ ಅವನು ಅಲ್ಲೇ ನಿಂತ. ಹಿಂದಿದ್ದವರು, “ಸ್ವಲ್ಪ ಬೇಗ” ಎಂದರು.

“ಓದ್ಲಿ ಬಿಡಿ,” ಎಂದಳು ಅವಳು.