ಸೊಳ್ಳೆಯ ಪಾಠ ಮಾಡಿದ ಟೀಚರ್

ಕಳೆದ ವಾರ ಸಂಜೆ ನಮ್ಮ ಬ್ಲಾಕಿಗೆ ಸೊಳ್ಳೆಗೆ ಹೊಗೆ ಬಿಡುವ ಫಾಗಿಂಗ್ ಗಾಡಿ ಬಂದಾಗ ಏನೇನು ಅನಾಹುತ ಆಗಬಹುದೆಂಬುದನ್ನು ಬಾಲ್ಕನಿಯ ಬಾಗಿಲು ಹಾಕುವಷ್ಟರಲ್ಲಿ ಯೋಚಿಸಿ ಮುಗಿಸಿದ್ದೆ. ಹೊಗೆ ಒಳಗೆ ನುಗ್ಗಿ ಹೆಂಡತಿಗೆ ಉಬ್ಬಸ ಬರಬಹುದಿತ್ತು. ಒಲೆಯ ಮೇಲಿದ್ದ ಸಾರಿನಲ್ಲಿ ವಿಷ ಬೆರೆಯಬಹುದಿತ್ತು. ದಾರಿ ಕಾಣದೆ ಯಾವನೋ ಸ್ಕೂಟರಿನವನು ನಿಂತಿದ್ದ ನನ್ನ ಕಾರಿಗೆ ಗುದ್ದಬಹುದಿತ್ತು. ಗುದ್ದಿದ ಮೇಲೆ ತಪ್ಪು ನನ್ನದೇ ಎಂದು ಜಗಳಕ್ಕೂ ಬರಬಹುದಿತ್ತು. ಕೂಲರಿನ ನೀರು ಚೆಲ್ಲಿಲ್ಲವೆಂದು ಕಾರ್ಪೊರೇಷನ್ನಿನವರು ಮೇಲೆ ಬಂದು ದಂಡದ ಚಲಾನ್ ಹರಿಯಬಹುದಿತ್ತು. ಬೆಂಕಿ ಬಿದ್ದಿದೆಯೆಂದು ಯಾರಾದರೂ ಕೂಗಿ, ಜನ ಮೆಟ್ಟಿಲ ಮೇಲೆ ಒಬ್ಬರ ಮೇಲೊಬ್ಬರು ಬೀಳಬಹುದಿತ್ತು. ಇದ್ಯಾವುದೂ ಆಗಲಿಲ್ಲ. ಹೊಗೆ ಇಳಿದ ಮೇಲೆ ಒಂದು ಸೊಳ್ಳೆ ಬಂದು ನನ್ನ ಕಿವಿಗೆ ಕಚ್ಚಿತು, ಅಷ್ಟೇ.

ಡೀಸೆಲ್ಲಿಗೆ ಯಾವುದೋ ಔಷಧ ಬೆರೆತ ಆ ವಾಸನೆಯಲ್ಲಿ ಕಿವಿ ತುರಿಸಿಕೊಳ್ಳುತ್ತಾ ನಿಂತಾಗ ಮೇಲಿನ ಮನೆಯ ಟೀಚರ್ ನೆನಪಾದರು…

ದೆಹಲಿಯ ಜನಕಪುರಿಯ ಈ ಫ್ಲ್ಯಾಟುಗಳಲ್ಲಿ ಕನ್ನಡ ಮಾತಾಡುವ ಮನೆಗಳು ಆಗ ಎರಡೇ, ನಮ್ಮದು ಮತ್ತು ನಮ್ಮ ತಲೆಯ ಮೇಲಿನದು. ಅವರ ಯಜಮಾನರು ನನ್ನ ಹಾಗೇ ಕೇಂದ್ರ ಸರ್ಕಾರದ ನೌಕರರು. ಟೀಚರ್ ಹತ್ತಿರದ ಖಾಸಗಿ ಶಾಲೆಯಲ್ಲಿ ಬಯಾಲಜಿ ಹೇಳುತ್ತಿದ್ದರು. ನನ್ನ ಮಗಳು ಓದುತ್ತಿದ್ದುದೂ ಅಲ್ಲೇ. ನನ್ನ ಹೆಂಡತಿಗೆ ಅವರು ಅಕ್ಕ, ಮಗಳಿಗೆ ಮ್ಯಾಮ್, ನನಗೆ ಟೀಚರ್. ಸಂಜೆ ಬಟ್ಟೆ ತೆಗೆಯಲು ಬಂದವರು ಮೇಲಿನ ಬಾಲ್ಕನಿಯಿಂದಲೇ ಬಗ್ಗಿ ಮಾತಾಡುತ್ತಿದ್ದರು. ಅವರು ಎಲ್ಲಿ ಬಿದ್ದಾರೋ ಎಂಬ ಹೆದರಿಕೆಯಲ್ಲಿ ಅವರ ಅರ್ಧ ಮಾತು ನನ್ನ ತಲೆಗೆ ಹೋಗುತ್ತಿರಲಿಲ್ಲ.

ಮಗಳು ಹತ್ತನೇ ತರಗತಿಗೆ ಬಂದ ವರ್ಷ ಜೀವವಿಕಾಸದ ಪಾಠವನ್ನು ಸರ್ಕಾರದವರು ಪುಸ್ತಕದಿಂದ ತೆಗೆದಿದ್ದರು. ಮಕ್ಕಳ ಹೊರೆ ಇಳಿಸುತ್ತಿದ್ದೇವೆ ಎಂದಿದ್ದರು. ನಾಲ್ಕು ಹಾಳೆ ಕಡಿಮೆಯಾದ ಪುಸ್ತಕವನ್ನು ಅದೇ ಮಣಭಾರದ ಚೀಲದಲ್ಲಿ ಹೊತ್ತು ಮಕ್ಕಳು ಶಾಲೆಗೆ ಹೋದರು. ಟೀಚರ್ ಆ ಪಾಠವನ್ನು ಮಾಡಿಯೇ ಮಾಡುತ್ತೇನೆ ಎಂದಾಗ, ಇಲ್ಲದ ತಂಟೆ ಯಾಕೆ, ಹನ್ನೊಂದು ಹನ್ನೆರಡರಲ್ಲಿ ಹೇಗೂ ಬರುತ್ತದಲ್ಲ ಎಂದು ನಾನು ನನ್ನ ಸ್ವಭಾವಕ್ಕೆ ತಕ್ಕ ಹಾಗೆ ಹೇಳಿದೆ.

"ಯಾರಿಗೆ ಬರುತ್ತೆ ಸರ್? ಬಯಾಲಜಿ ತಗೊಂಡ ನಾಲ್ಕು ಮಕ್ಕಳಿಗೆ. ಕಾಮರ್ಸಿಗೆ ಹೋದವರಿಗೆ, ಓದು ಬಿಟ್ಟವರಿಗೆ ಇದೇ ಕೊನೆ. ಆಮೇಲೆ ಜನ್ಮದಲ್ಲಿ ಯಾರೂ ಅವರನ್ನ ಕೂರಿಸಿ ಇದನ್ನ ಹೇಳಲ್ಲ" ಎಂದರು.

ಪಾಠ ಶುರುವಾದದ್ದು ಶಾಲೆಯ ಮೈದಾನದಲ್ಲಿ ಫಾಗಿಂಗ್ ಆದ ಬೆಳಿಗ್ಗೆ. ಮಕ್ಕಳೆಲ್ಲ ಕೆಮ್ಮುತ್ತಿರುವಾಗ ಕ್ಲಾಸಿನೊಳಗೆ ಒಂದು ಸೊಳ್ಳೆ ಆರಾಮವಾಗಿ ಹಾರಾಡುತ್ತಿತ್ತಂತೆ. ಇದು ಯಾಕೆ ಸತ್ತಿಲ್ಲ ಎಂದು ಟೀಚರ್ ಕೇಳಿದರಂತೆ. ಹೊಗೆ ಅಭ್ಯಾಸವಾಗಿದೆ ಎಂದು ಇಡೀ ಕ್ಲಾಸು ಹೇಳಿತಂತೆ. ಮನೆಯಲ್ಲಿ ಮಗಳು ಕೇಳಿದಾಗ ನಾನೂ ಅದನ್ನೇ ಹೇಳಿದೆ. ದೆಹಲಿಯ ಹೊಗೆ ನನಗೇ ಅಭ್ಯಾಸವಾಗಿರುವಾಗ ಸೊಳ್ಳೆಗೆ ಆಗದೇ? ಮಗಳು ನನ್ನನ್ನು ಕನಿಕರದಿಂದ ನೋಡಿದಳು. ಆ ಸಂಜೆ ಟೀಚರ್ ಮೇಲಿನಿಂದ ಬಗ್ಗಿ ನನಗೂ ಪಾಠ ಮಾಡಿದರು.

"ಅಭ್ಯಾಸ ಆಗೋಷ್ಟರಲ್ಲಿ ಸತ್ತೇ ಹೋಗಿರುತ್ತೆ ಸರ್. ಬದುಕಿದ್ದು ಹುಟ್ಟುವಾಗಲೇ ಸ್ವಲ್ಪ ಬೇರೆ ಇತ್ತು. ಹೊಗೆ ಬರೋ ತನಕ ಅದು ಯಾರಿಗೂ ಗೊತ್ತಿರಲಿಲ್ಲ, ಅದಕ್ಕೂ ಗೊತ್ತಿರಲಿಲ್ಲ."

ಉಳಿದದ್ದು ಮೊಟ್ಟೆ ಇಡುತ್ತದೆ, ಮರಿಗಳಲ್ಲಿ ಬಹಳಷ್ಟು ಅದರ ಹಾಗೇ ಹುಟ್ಟುತ್ತವೆ, ವರ್ಷಗಳು ಕಳೆದಂತೆ ಹೊಗೆಗೆ ಜಗ್ಗದವುಗಳೇ ಊರು ತುಂಬುತ್ತವೆ. ಯಾರೂ ಯಾರಿಗೂ ಕಲಿಸಿದ್ದಲ್ಲ, ಯಾರೂ ಬಯಸಿದ್ದಲ್ಲ. ಇಷ್ಟನ್ನು ಹೇಳಲು ಅವರಿಗೆ ಹತ್ತು ನಿಮಿಷ ಬೇಕಾಗಲಿಲ್ಲ. ನಾನು ಬಿ.ಎಸ್ಸಿ. ಮಾಡಿದವನು. ಪರೀಕ್ಷೆಯಲ್ಲಿ ಇದನ್ನು ಬರೆದು ಅಂಕವನ್ನೂ ತೆಗೆದುಕೊಂಡವನು. ಅರ್ಥವಾದದ್ದು ಮಾತ್ರ ಆ ಸಂಜೆ, ಕತ್ತು ನೋಯಿಸಿಕೊಂಡು ಮೇಲೆ ನೋಡುತ್ತಾ.

ಅವರಿಗೆ ತೊಂದರೆಯಾದೀತೆಂದು ನಾನು ಕಾಯುತ್ತಲೇ ಇದ್ದೆ. ದೇವರ ಹೆಸರಿನಲ್ಲಿ ಯಾರಾದರೂ ಶಾಲೆಗೆ ನುಗ್ಗಬಹುದು, ನಮ್ಮ ಅಜ್ಜ ಕೋತಿಯಾಗಿದ್ದನೇ ಎಂದು ಜಗಳ ತೆಗೆಯಬಹುದು, ಟಿವಿಯವರು ಗೇಟಿನ ಮುಂದೆ ನಿಲ್ಲಬಹುದು ಎಂದೆಲ್ಲ ಕಲ್ಪಿಸಿಕೊಂಡು, ಸ್ನಾನ ಮಾಡುವಾಗ ಉತ್ತರಗಳನ್ನು ಜೋಡಿಸಿಟ್ಟುಕೊಂಡಿದ್ದೆ. ಒಂದೂ ಕೆಲಸಕ್ಕೆ ಬರಲಿಲ್ಲ. ದೇವರ ಸುದ್ದಿಯನ್ನೇ ಯಾರೂ ಎತ್ತಲಿಲ್ಲ. ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ತಂದೆ, ಬಹಳ ವಿನಯದಿಂದ, ಹೆಸರಿನ ಮುಂದೆ 'ಜೀ' ಹಚ್ಚಿ ಕೇಳಿದ್ದು ಇಷ್ಟೇ: ಬೋರ್ಡ್ ಪರೀಕ್ಷೆಗೆ ಬಾರದ ಪಾಠಕ್ಕೆ ಪೀರಿಯಡ್ ಯಾಕೆ ಹಾಳು?

ಅದರ ಕೆಳಗೆ ಹೆಬ್ಬೆರಳುಗಳು ಸಾಲುಗಟ್ಟಿದವು. ನನಗೆ ಸಿಟ್ಟು ಬರುವುದು ಅಪರೂಪ, ಹೆದರುವುದಕ್ಕೇ ದಿನ ಸಾಲುವುದಿಲ್ಲ. ಅವತ್ತು ಮೈ ಉರಿಯಿತು. ಮೂಢನಂಬಿಕೆಯವನಾದರೆ ಆ ಪಾಠದಲ್ಲಿ ಏನೋ ಇದೆ ಎಂದಾದರೂ ಹೆದರುತ್ತಾನೆ. ಇವರಿಗೆ ಅದು ಪಾಠವೇ ಅಲ್ಲ, ಅಂಕವಿಲ್ಲದ ಜಾಗ. ಟೀಚರ್ ಪರವಾಗಿ ಆಫೀಸಿನ ಟಿಪ್ಪಣಿಯಷ್ಟು ಉದ್ದದ ಮೆಸೇಜ್ ಬರೆದು ಹಾಕಿದೆ. ಅದಕ್ಕೆ ಬಂದ ಹೆಬ್ಬೆರಳು ಒಂದು, ಅದೂ ಪಕ್ಕದ ಕೋಣೆಯಲ್ಲಿ ಕೂತಿದ್ದ ನನ್ನ ಹೆಂಡತಿಯದು. ಗುಂಪಿನಲ್ಲಿ ಶಾಲೆಗೆ ಸಂಬಂಧಿಸಿದ್ದನ್ನು ಮಾತ್ರ ಹಾಕಬೇಕೆಂದು ಅಡ್ಮಿನ್ ವಿನಂತಿಸಿದರು.

ಆ ಪಾಠದ ಎರಡನೇ ಪೀರಿಯಡ್ ನಡೆಯಲೇ ಇಲ್ಲ. ಮಗಳು ಬಂದು ಚೀಲ ಎಸೆದಳು.

"ಪಪ್ಪಾ, ಮ್ಯಾಮ್‌ನ ಬಸ್ ಡ್ಯೂಟಿಗೆ ಹಾಕಿದಾರೆ. ಬಯೋ ಅಬ್ ಕೋಯಿ ಔರ್ ಲೇಗಾ."

ಬಯಾಲಜಿಗೆ ಇನ್ನು ಬೇರೆ ಯಾರೋ ಬರುತ್ತಾರಂತೆ. ಬಸ್ ಡ್ಯೂಟಿಯೆಂದರೆ ಬೆಳಿಗ್ಗೆ ಸಂಜೆ ಗೇಟಿನ ಬಳಿ ನಿಂತು ಮಕ್ಕಳನ್ನು ಬಸ್ಸಿಗೆ ಹತ್ತಿಸುವುದು, ಇಳಿಸುವುದು. ನಡುವೆ, ರಜೆ ಹಾಕಿದವರ ಕ್ಲಾಸಿನಲ್ಲಿ ಗಲಾಟೆಯಾಗದಂತೆ ಕೂತಿರುವುದು. ಸಂಬಳ ಕಡಿತವಿಲ್ಲ, ಬೈಗುಳವಿಲ್ಲ, ನೋಟೀಸಿಲ್ಲ. ನಾನು ಪ್ರಿನ್ಸಿಪಾಲರನ್ನು ಕಂಡೆ. ಅವರು ಚಹಾ ತರಿಸಿ, ಮೇಡಂ ತುಂಬಾ ದಣಿದಿದ್ದರು, ಸ್ವಲ್ಪ ಹಗುರವಾಗಲಿ ಎಂದು ಹೀಗೆ ಮಾಡಿದೆವು ಎಂದರು. ಪುಸ್ತಕದ ಹೊರೆ ಇಳಿಸಿದವರ ಭಾಷೆಯೇ ಇವರ ಬಾಯಲ್ಲೂ ಬಂದದ್ದು ಕೇಳಿ ಚಹಾ ಅಲ್ಲೇ ಇಟ್ಟು ಎದ್ದು ಬಂದೆ.

ಟೀಚರ್ ಗೋಳಾಡಿದವರಲ್ಲ. "ಪುಸ್ತಕದಿಂದ ತೆಗೆದಿದ್ದು ಸೊಳ್ಳೆಗೆ ಯಾರು ಹೇಳ್ತಾರೆ ಸರ್?" ಎಂದು ಒಮ್ಮೆ ನಕ್ಕರು. ಆಮೇಲೆ ಮಾತು ಕಡಿಮೆಯಾಯಿತು. ಬಟ್ಟೆ ತೆಗೆದು ಸುಮ್ಮನೆ ಒಳಗೆ ಹೋಗುತ್ತಿದ್ದರು. ಆಫೀಸಿಗೆ ಹೋಗುವಾಗ ಗೇಟಿನ ಬಳಿ, ಬಿಸಿಲಿನಲ್ಲಿ, ಕೊರಳಿಗೆ ಸೀಟಿ ಹಾಕಿಕೊಂಡು ನಿಂತ ಅವರನ್ನು ನೋಡುತ್ತಿದ್ದೆ… ಪರೀಕ್ಷೆ ಮುಗಿದ ಮೇಲೆ ರಾಜೀನಾಮೆ ಕೊಟ್ಟರು. ಯಜಮಾನರಿಗೆ ಭೋಪಾಲಿಗೆ ವರ್ಗವಾಯಿತು. ಹೋದ ಚಳಿಗಾಲದಲ್ಲಿ ಅಲ್ಲೇ, ಟೀಚರ್ ನ್ಯುಮೋನಿಯಾ ಆಗಿ ತೀರಿಕೊಂಡರು ಎಂಬ ಸುದ್ದಿ ಬಂತು.

ಶಾಲೆಯವರು ಶೋಕಸಭೆ ಇಟ್ಟರು. ನಾನೂ ಹೆಂಡತಿಯೂ ಹೋದೆವು. ವೇದಿಕೆಯ ಮೇಲೆ ಹಾರ ಹಾಕಿದ ಫೋಟೋ. ಮುಂದಿನ ಸಾಲಿನಲ್ಲಿ ಅದೇ 'ಜೀ' ತಂದೆ, ಬಿಳಿ ಕುರ್ತಾದಲ್ಲಿ. ಪ್ರಿನ್ಸಿಪಾಲರು ಟೀಚರ್ ಅವರ ಶಿಸ್ತು, ಸಮಯಪ್ರಜ್ಞೆ, ನಗುಮುಖ ಎಲ್ಲವನ್ನೂ ಹೊಗಳಿ, ಕೊನೆಗೆ ಕಣ್ಣೊರೆಸಿಕೊಂಡು ಹೇಳಿದರು: ಮೇಡಂ ಒಂದು ದಿನವೂ ಸಿಲೆಬಸ್ ಬಿಟ್ಟು ಆಚೀಚೆ ಹೋದವರಲ್ಲ.

ನಾನು ಎದ್ದು ನಿಂತೆ. ಮೀಟಿಂಗುಗಳಲ್ಲಿ ಕೆಮ್ಮು ಬಂದರೂ ತಡೆದುಕೊಳ್ಳುವ ಆಸಾಮಿ ನಾನು, ಹೇಗೆ ಎದ್ದೆನೋ ತಿಳಿಯದು. ಹೆಂಡತಿ ಅಂಗಿ ಜಗ್ಗಿದಳು. ಮಾತು ಗಂಟಲಿಗೆ ಬಂದಿತ್ತು. ಅಷ್ಟರಲ್ಲಿ ಪಕ್ಕದವರು ಎದ್ದರು. ಅವರನ್ನು ನೋಡಿ ಹಿಂದಿನ ಸಾಲು ಎದ್ದಿತು, ಮುಂದಿನ ಸಾಲೂ ಎದ್ದಿತು. ಕುರ್ಚಿಗಳೆಲ್ಲ ಸರಿದು, ಇಡೀ ಸಭೆ ತಲೆ ತಗ್ಗಿಸಿ ನಿಂತಿತು. ಒಂದು ನಿಮಿಷದ ಮೌನ ಶುರುವಾಯಿತೆಂದು ತಿಳಿದಿದ್ದರು. ಪ್ರಿನ್ಸಿಪಾಲರು ಮೈಕಿನಿಂದ ಹಿಂದೆ ಸರಿದು ಕಣ್ಣು ಮುಚ್ಚಿದರು. ಬದುಕಿನಲ್ಲಿ ಒಮ್ಮೆ ಕೂಗಾಡಲು ಎದ್ದವನು ಊರವರಿಂದೆಲ್ಲ ಮೌನ ಆಚರಣೆ ಮಾಡಿಸಿ ಕೂತುಕೊಂಡೆ.

ಮಗಳು ಈಗ ಬಿ.ಕಾಂ. ಓದುತ್ತಿದ್ದಾಳೆ. ಟೀಚರ್ ಹೇಳಿದಂತೆಯೇ ಆ ಪಾಠ ಅವಳಿಗೆ ಮತ್ತೆ ಎಲ್ಲಿಯೂ ಎದುರಾಗಿಲ್ಲ. ಅಂದು ಗಂಟಲಲ್ಲಿ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಪ್ರಿನ್ಸಿಪಾಲರೇ, ಅವರು ಸಿಲೆಬಸ್ ಬಿಟ್ಟು ಆಚೆ ಹೋದರು. ಗೊತ್ತಿದ್ದೇ, ಬೇಕೆಂದೇ ಹೋದರು. ನಿಮ್ಮ ಶಾಲೆಯಲ್ಲಿ ಆ ವರ್ಷ ನಡೆದ ನಿಜವಾದ ಪಾಠ ಅದೊಂದೇ, ಅದಕ್ಕೇ ನೀವು ಅವರನ್ನು ಗೇಟಿನಲ್ಲಿ ನಿಲ್ಲಿಸಿದಿರಿ.

ಇದನ್ನು ಟೀಚರಿಗೆ ಓದಿ ಹೇಳೋಣವೆಂದರೆ, ಮೇಲಿನ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ.