ಮಲ್ಲಪ್ಪ ಬೈಯದೆ ನಿಂತ ಹೊತ್ತು

ಕಳೆದ ಮಂಗಳವಾರ ಮಧ್ಯಾಹ್ನ ಎರಡೂವರೆಗೆ ನಾನು ಮೊಗುಡಂಪಲ್ಲಿಯಿಂದ ಜಹೀರಾಬಾದಿಗೆ ಹೋಗುವ ರಸ್ತೆಯ ಬದಿ, ಬೇವಿನ ಮರದ ಕೆಳಗೆ ಬಸ್ಸಿಗಾಗಿ ಕಾಯುತ್ತಿದ್ದೆ. ಎದುರು, ನೂರು ಹೆಜ್ಜೆ ದೂರದ ಬಯಲಿನಲ್ಲಿ ಕುರಿ ಕಾಯುವ ಮಲ್ಲಪ್ಪ ನಿಂತಿದ್ದ. ಗಡಿಯಾರ ನೋಡಿಕೊಂಡಿದ್ದೆ, ಅದಕ್ಕೇ ಹೇಳುತ್ತಿದ್ದೇನೆ: ಇಪ್ಪತ್ತು ನಿಮಿಷ ಅವನು ಕದಲಲಿಲ್ಲ.

ಅದರಲ್ಲೇನು ವಿಶೇಷ? ನಮ್ಮ ಕಡೆಯ ಕುರಿಗಾಹಿಗಳು ಕೂತು ದಣಿವಾರಿಸಿಕೊಳ್ಳುವುದಿಲ್ಲ. ಕೂತರೆ ಕುರಿ ಕಾಣುವುದಿಲ್ಲವಲ್ಲ! ಕೋಲೂರಿ, ಅದರ ತುದಿಗೆ ಎರಡೂ ಕೈ, ಕೈಮೇಲೆ ಗದ್ದ. ಅದೇ ಅವರ ರೆಸ್ಟ್.

(ನಾನು ಇಂಗ್ಲಿಷ್ ಮೇಷ್ಟ್ರು. ಬಿಸಿಲಿಗೆ ಒಪ್ಪತ್ತಿನ ಶಾಲೆ. ಟೈರ್ಡ್, ಎಕ್ಸಾಸ್ಟೆಡ್ ಇವೆರಡಕ್ಕೂ ವ್ಯತ್ಯಾಸವೇನು ಎಂದು ಅಂದು ಬೆಳಿಗ್ಗೆ ಒಬ್ಬ ವಿದ್ಯಾರ್ಥಿನಿ ಕೇಳಿದ್ದಳು. ಮೊದಲನೆಯದು ದಣಿವು, ಎರಡನೆಯದು ಬಹಳ ದಣಿವು ಎಂದು ಮುಗಿಸಿದ್ದೆ.)

ಅಷ್ಟರಲ್ಲಿ ಕುರಿಗಳು ಪಕ್ಕದ ಶರಣಪ್ಪನ ಎಳೆಗಬ್ಬಿಗೆ ನುಗ್ಗಿದವು. ಶರಣಪ್ಪ ಬದುವಿನ ಮೇಲಿಂದ ಕೂಗಿದ: "ಏ ಮಲ್ಲ್ಯಾ! ನಿನ್ನ ಕುರಿ ನನ್ನ ಕಬ್ಬು ಮೇಯಾಕತ್ಯಾವ, ನೀ ಫೋಟೋಕ ನಿಂತಿ ಏನೋ?"

ನಾನು ನಕ್ಕೆ. ನಕ್ಕಿದ್ದು ನಿಜ.

ನನ್ನ ಹಿಂದಿನ ದಾರಿಯಲ್ಲಿ ಬುತ್ತಿ, ನೀರಿನ ಕೊಡ ಹಿಡಿದು ಬರುತ್ತಿದ್ದ ಮಲ್ಲಪ್ಪನ ಹೆಂಡತಿ ಸಿದ್ದಮ್ಮ ಬುತ್ತಿ ಅಲ್ಲೇ ಬಿಟ್ಟು ಓಡಿದಳು. "ನಗಬ್ಯಾಡ್ರಿ ಸರ್! ದಣದಿದ್ರ ಆಂವ ಕುರಿಗಿ ಬೈತಿದ್ದ. ಬೈಯಾಕೂ ಆಗವಲ್ದು ಅವನಿಗಿ. ಓಡಿ ಬರ್ರಿ!"

ಅವಳು ಮುಟ್ಟಿದ್ದೇ ಕೋಲು ಒಂದು ಕಡೆ, ಮಲ್ಲಪ್ಪ ಒಂದು ಕಡೆ. ಮೈ ಕೆಂಡ. ಕಣ್ಣು ತೆರೆದಿತ್ತು, ಆದರೆ ನಮ್ಮ ಗುರುತಿರಲಿಲ್ಲ. ಕೊಡದ ನೀರು ತಲೆಗೆ ಸುರಿದು ಆಟೊದಲ್ಲಿ ಆಸ್ಪತ್ರೆಗೆ ಒಯ್ದೆವು. ದಾರಿಯುದ್ದಕ್ಕೂ ಶರಣಪ್ಪ ಒದ್ದೆ ಟವೆಲಿನಿಂದ ಅವನ ಎದೆ ಒರೆಸುತ್ತಿದ್ದ. ಕಬ್ಬಿನ ಮಾತೆತ್ತಲಿಲ್ಲ. ಬಿಸಿಲು ಹೊಡೆದಿದೆ, ಇನ್ನರ್ಧ ಗಂಟೆ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು.

ಮರುದಿನ ತರಗತಿಯಲ್ಲಿ ನನ್ನ ಉತ್ತರ ತಿದ್ದಿಕೊಂಡೆ. ಟೈರ್ಡ್ ಆದವನಲ್ಲಿ ಬೈಯುವಷ್ಟು ಉಳಿದಿರುತ್ತದೆ. ಎಕ್ಸಾಸ್ಟೆಡ್ ಆದವನಲ್ಲಿ ಅದೂ ತೀರಿರುತ್ತದೆ.

ನಿನ್ನೆ ಮಲ್ಲಪ್ಪನ ಮನೆಗೆ ಹೋಗಿದ್ದೆ. ಸಿದ್ದಮ್ಮ ದೂರು ಹೇಳಿದಳು: "ಮುಂಜಾನಿಯಿಂದ ಬೈಯಾಕ ಸುರು ಮಾಡ್ಯಾನ್ರಿ ಸರ್. ಗಂಜಿಗಿ ಉಪ್ಪಿಲ್ಲಂತ!" ದೂರುವವಳ ಮುಖ ಅರಳಿತ್ತು.

ಅವನು ಬಿದ್ದದ್ದನ್ನು ಕಂಡವರು ಸಿದ್ದಮ್ಮ, ಶರಣಪ್ಪ, ನಾನು. ಬೇಕಾದರೆ ಕೇಳಿ, ಮೂವರೂ ಇದ್ದೇವೆ. ಅವಳಿಗೆ ಅಷ್ಟು ದೂರದಿಂದ ಕಂಡದ್ದು, ಎದುರಿಗೇ ಇದ್ದ ನಮ್ಮಿಬ್ಬರಿಗೆ ಏಕೆ ಕಾಣಲಿಲ್ಲ?